ದುಡ್ಡಿನ ತಾಪತ್ರಯ ಇಲ್ಲ, ಆದರೂ ಕೆಲಸ ಹೋದ ತಮ್ಮ ಕುಗ್ಗುತ್ತಿದ್ದಾನೆ

ಪ್ರಶ್ನೆ: ನಮ್ಮದು ಬಾಗಲಕೋಟೆ ಜಿಲ್ಲೆ ಮುಧೋಳ ತಾಲೂಕಿನ ಒಂದು ಹಳ್ಳಿ. ತಮ್ಮನಿಗೆ 27 ವರ್ಷ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಬೆಳಗಾವಿಯ ಉದ್ಯಮಬಾಗದಲ್ಲಿ ಐದು ವರ್ಷ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರದ) ಆಪರೇಟರ್ ಆಗಿ ದುಡಿದ. ಆರ್ಡರ್ ಕಡಿಮೆಯಾದವೆಂದು ಎಂಟು ತಿಂಗಳ ಹಿಂದೆ ಬಿಡಿಸಿದರು. ಮನೆಯಲ್ಲಿ ದುಡ್ಡಿನ ತಾಪತ್ರಯ ಇಲ್ಲ. ನನಗೆ ಶಾಲೆಯ ಸಂಬಳವಿದೆ, ನಾಲ್ಕು ಎಕರೆ ಕಬ್ಬಿದೆ. ಆದರೂ ಅವನು ದಿನದಿಂದ ದಿನಕ್ಕೆ ಕುಗ್ಗುತ್ತಿದ್ದಾನೆ. ಹತ್ತಕ್ಕೆ ಏಳುತ್ತಾನೆ, ಮದುವೆಗಳಿಗೆ ಬರುವುದಿಲ್ಲ, ಹಳೆಯ ಗೆಳೆಯರ ಫೋನ್ ಎತ್ತುವುದಿಲ್ಲ. ಅಪ್ಪ "ಕೂತು ಉಣ್ಣಾಕ ಏನ್ ತ್ರಾಸ್ ಇವಗ?" ಅಂತಾರೆ. ಈಗ ವಿಜಯಪುರಕ್ಕೆ ಹೋಗಿ ಸರ್ಕಾರಿ ನೌಕರಿ ಪರೀಕ್ಷೆಗೆ ಓದುತ್ತೇನೆ ಅನ್ನುತ್ತಿದ್ದಾನೆ. ಕಾಲ ಕಳೆದಂತೆ ಇದು ತಾನೇ ಸರಿಹೋಗುತ್ತದೆಯೇ? ನಾವೇನು ಮಾಡಬೇಕು?

ಉತ್ತರ: ನಿಮ್ಮ ತಂದೆಯವರ ಮಾತಿನಿಂದಲೇ ಶುರು ಮಾಡೋಣ. ಕೂತು ಉಣ್ಣುವುದೇ ತ್ರಾಸು. ಕೆಲಸ ಹೋದವರ ನೋವಿನಲ್ಲಿ ಸಂಬಳದ ಪಾಲೆಷ್ಟು, ಕೆಲಸವೇ ಇಲ್ಲದ್ದರ ಪಾಲೆಷ್ಟು ಎಂದು ಬೇರ್ಪಡಿಸಿ ನೋಡಿದ ಅಧ್ಯಯನಗಳಿವೆ. ಜರ್ಮನಿಯಲ್ಲಿ ಒಂದೇ ಕುಟುಂಬಗಳನ್ನು ವರ್ಷ ವರ್ಷ ಮಾತಾಡಿಸಿ ದಾಖಲಿಸಿದ ಮಾಹಿತಿಯನ್ನು ವಿಂಕಲ್‌ಮನ್ ದಂಪತಿ 1998ರಲ್ಲಿ ವಿಶ್ಲೇಷಿಸಿದರು. ಆದಾಯ ಕಡಿಮೆಯಾದದ್ದರಿಂದ ಬಂದ ಬೇಸರಕ್ಕಿಂತ ಕೆಲಸ ಇಲ್ಲದಿರುವುದರಿಂದ ಬಂದ ಬೇಸರ ಎಷ್ಟೋ ಪಟ್ಟು ದೊಡ್ಡದಾಗಿತ್ತು. ಅದಕ್ಕೂ ನಾಲ್ಕು ವರ್ಷ ಮೊದಲು ಬ್ರಿಟನ್ನಿನ ಅರ್ಥಶಾಸ್ತ್ರಜ್ಞರಾದ ಕ್ಲಾರ್ಕ್ ಮತ್ತು ಆಸ್ವಾಲ್ಡ್, ಕೆಲಸ ಕಳೆದುಕೊಂಡವರ ಮನಸ್ಸಿನ ಸ್ಥಿತಿ ವಿಚ್ಛೇದನವಾದವರಿಗಿಂತಲೂ ಕೆಳಗಿರುತ್ತದೆಂದು ತೋರಿಸಿದ್ದರು. ಅಂದಮೇಲೆ ಮನೆಯಲ್ಲಿ ಜೋಳ, ಬೆಲ್ಲ ತುಂಬಿದ್ದರೂ ನಿಮ್ಮ ತಮ್ಮ ಕುಗ್ಗಿದ್ದರಲ್ಲಿ ಆಶ್ಚರ್ಯವಿಲ್ಲ. ಅದು ಸೋಮಾರಿತನವೂ ಅಲ್ಲ, ನಾಟಕವೂ ಅಲ್ಲ.

ಸಂಬಳದ ಜತೆ ಹೋದದ್ದೇನು? ಇದಕ್ಕೆ ಇಂದಿಗೂ ಒಳ್ಳೆಯ ಉತ್ತರ ಸಿಗುವುದು ಆಸ್ಟ್ರಿಯಾದ ಮಾರಿಯೆಂಥಾಲ್ ಎಂಬ ಊರಿನಿಂದ. ವಿಯೆನ್ನಾ ಹತ್ತಿರದ ಆ ಊರು ಒಂದೇ ನೂಲಿನ ಗಿರಣಿಯನ್ನು ನಂಬಿಕೊಂಡಿತ್ತು. ನಮ್ಮ ಗೋಕಾಕ ಫಾಲ್ಸ್‌ನಂಥ ಮಿಲ್ಲಿನ ಊರು ಅಂದುಕೊಳ್ಳಿ. 1930ರ ಹೊತ್ತಿಗೆ ಗಿರಣಿ ಮುಚ್ಚಿತು. ಮರೀ ಯಹೋಡಾ, ಪೌಲ್ ಲಜಾರ್ಸ್‌ಫೆಲ್ಡ್ ಮತ್ತು ಹನ್ಸ್ ಜೈಸಲ್ ಅಲ್ಲಿ ತಮ್ಮ ತಂಡದೊಂದಿಗೆ ಅಧ್ಯಯನ ಮಾಡಿ 1933ರಲ್ಲಿ ವರದಿ ಪ್ರಕಟಿಸಿದರು. ಜನರಿಗೆ ಹೊತ್ತು ಬೇಕಾದಷ್ಟಿತ್ತು, ಆದರೂ ಗ್ರಂಥಾಲಯದಿಂದ ಒಯ್ಯುವ ಪುಸ್ತಕಗಳು ಅರ್ಧಕ್ಕೆ ಇಳಿದಿದ್ದವು. ಕಿಟಕಿಯಲ್ಲಿ ಕೂತು ಗಡಿಯಾರ ಹಿಡಿದು ಜನರ ನಡಿಗೆ ಅಳೆದಾಗ ಗಂಡಸರು ನಿಧಾನವಾಗಿದ್ದರು, ಹೆಜ್ಜೆ ಹೆಜ್ಜೆಗೂ ನಿಲ್ಲುತ್ತಿದ್ದರು. ಹೆಂಗಸರು ಚುರುಕಾಗಿದ್ದರು, ಏಕೆಂದರೆ ಅವರಿಗೆ ಸಂಬಳ ನಿಂತಿತ್ತೇ ಹೊರತು ಒಲೆ, ಮಕ್ಕಳು, ಬಟ್ಟೆ ನಿಂತಿರಲಿಲ್ಲ. ಮುಂಜಾನೆಯಿಂದ ಮಧ್ಯಾಹ್ನದವರೆಗೆ ಏನು ಮಾಡಿದಿರಿ ಎಂದು ಬರೆಸಿದರೆ ಗಂಡಸರಿಗೆ ಹೇಳಲು ಬರುತ್ತಿರಲಿಲ್ಲ.

ಮುಂದೆ ಯಹೋಡಾ ಇದನ್ನೇ ಬೆಳೆಸಿ, ನೌಕರಿಯು ಸಂಬಳದ ಜತೆ ಐದು ವಿಷಯಗಳನ್ನು ಕೇಳದೆಯೇ ಕೊಡುತ್ತದೆ ಎಂದರು: ದಿನಕ್ಕೊಂದು ಚೌಕಟ್ಟು, ಮನೆಯವರಲ್ಲದ ಜನರ ಒಡನಾಟ, ನಾಲ್ಕು ಜನ ಸೇರಿ ಮುಗಿಸುವ ಒಂದು ಗುರಿ, ಸಮಾಜದಲ್ಲೊಂದು ಹೆಸರು, ಕೈಗೆ ನಿತ್ಯದ ಚಟುವಟಿಕೆ. ನಿಮ್ಮ ತಮ್ಮನ ದಿನ ನೆನೆಸಿಕೊಳ್ಳಿ. ಪಾಳಿಗೆ ಏಳಲೇಬೇಕಿತ್ತು. ಮಷೀನಿಗೆ ಜಾಬ್ ಕಟ್ಟಿ, ಮೊದಲ ಪೀಸು ತೆಗೆದು, ಮೈಕ್ರೋಮೀಟರ್ ಹಿಡಿದು ನೋಡಿ, 20 ಮೈಕ್ರಾನ್ ಹೆಚ್ಚು ಬಂದರೆ ಆಫ್‌ಸೆಟ್ ತಿದ್ದಿ ಮತ್ತೆ ಓಡಿಸಬೇಕಿತ್ತು. ಪೀಸು ನೋಡಿ "ಓಕೆ" ಅನ್ನುವ ಕ್ವಾಲಿಟಿಯವನು ಒಬ್ಬನಿದ್ದ. ಡಬ್ಬಿ ಬಿಚ್ಚಿ ಒಟ್ಟಿಗೆ ಉಣ್ಣುವ ಮೂರು-ನಾಲ್ಕು ಜನರಿದ್ದರು. ಊರಿಗೆ ಬಂದರೆ "ಬೆಳಗಾವ್ಯಾಗ ಫ್ಯಾಕ್ಟರ್ಯಾಗ ಅದಾನ" ಎಂಬ ಮಾತಿತ್ತು. ಈ ಎಲ್ಲವೂ ಒಂದೇ ದಿನ ಹೋದವು. ನೀವು ಅವನಿಗೆ ಊಟ, ಖರ್ಚಿಗೆ ದುಡ್ಡು ಕೊಡುತ್ತಿದ್ದೀರಿ, ಅದು ದೊಡ್ಡದೇ. ಆದರೆ "ಓಕೆ" ಅನ್ನುವವರು ಮನೆಯಲ್ಲಿ ಯಾರೂ ಇಲ್ಲ.

ಇನ್ನು, ತಾನೇ ಸರಿಹೋಗುತ್ತದೆಯೇ ಎಂಬ ಪ್ರಶ್ನೆ. ಮನುಷ್ಯ ಬಹಳಷ್ಟಕ್ಕೆ ಒಗ್ಗಿಕೊಳ್ಳುತ್ತಾನೆ. ಮದುವೆಯ ಸಂತೋಷವೂ ಕೆಲ ವರ್ಷಕ್ಕೆ ಹದಕ್ಕೆ ಬರುತ್ತದೆ. ನಿರುದ್ಯೋಗಕ್ಕೆ ಮಾತ್ರ ಪೂರ್ತಿ ಒಗ್ಗುವುದಿಲ್ಲ. ಜರ್ಮನಿಯ 24,000 ಜನರನ್ನು 15 ವರ್ಷ ಹಿಂಬಾಲಿಸಿದ ಮಾಹಿತಿಯಿಂದ ಲ್ಯೂಕಸ್ ಮತ್ತು ಸಂಗಡಿಗರು 2004ರಲ್ಲಿ ಕಂಡದ್ದು ಇದು: ಮರಳಿ ಕೆಲಸ ಸಿಕ್ಕ ಮೇಲೂ ಜೀವನದ ತೃಪ್ತಿ ಸರಾಸರಿಯಲ್ಲಿ ಹಳೆಯ ಮಟ್ಟಕ್ಕೆ ಪೂರ್ತಿ ಬರಲಿಲ್ಲ. ಹೆದರಿಸಲು ಇದನ್ನು ಹೇಳುತ್ತಿಲ್ಲ. ಕಾಯುತ್ತ ಕೂರುವುದು ಔಷಧಿಯಲ್ಲ, ಎಂಟು ತಿಂಗಳು ಸಾಕಷ್ಟು ಹೊತ್ತಾಯಿತು ಎಂಬುದಷ್ಟೇ ಮಾತು. ಇನ್ನೊಂದು ಮಗ್ಗುಲೂ ಇದೆ. ಪೌಲ್ ಮತ್ತು ಮೋಸರ್ 2009ರಲ್ಲಿ ನೂರಾರು ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಕೆಲಸವಿಲ್ಲದವರಲ್ಲಿ ಶೇ 34, ಕೆಲಸವಿದ್ದವರಲ್ಲಿ ಶೇ 16 ಜನಕ್ಕೆ ಮಾನಸಿಕ ತೊಂದರೆ ಕಂಡಿತು. ಎರಡು ಪಟ್ಟಿಗೂ ಹೆಚ್ಚು, ನಿಜ. ಆದರೂ ಮೂರರಲ್ಲಿ ಇಬ್ಬರು ಆ ಹಂತಕ್ಕೆ ಹೋಗಿರಲಿಲ್ಲ. ಕೆಲಸ ಸಿಕ್ಕವರ ಮನಸ್ಸು ಚೇತರಿಸಿಕೊಂಡದ್ದನ್ನೂ ಅದೇ ವಿಶ್ಲೇಷಣೆ ತೋರಿಸಿತು.

ಮೊದಲು ಅಳೆಯಿರಿ. ವಿಶ್ವ ಆರೋಗ್ಯ ಸಂಸ್ಥೆಯ ಐದು ಪ್ರಶ್ನೆಗಳ ಒಂದು ಪಟ್ಟಿ ಇದೆ. ಕಳೆದ ಎರಡು ವಾರಗಳಲ್ಲಿ ನಾನು ಉಲ್ಲಾಸದಿಂದಿದ್ದೆ, ಶಾಂತವಾಗಿದ್ದೆ, ಚುರುಕಾಗಿದ್ದೆ, ಎದ್ದಾಗ ನಿದ್ದೆ ಸಾಕಾಗಿ ಹಗುರವೆನಿಸಿತ್ತು, ದಿನದಲ್ಲಿ ಮನಸ್ಸು ಹಿಡಿಯುವ ವಿಷಯಗಳಿದ್ದವು: ಈ ಐದು ಮಾತಿಗೂ ಸೊನ್ನೆಯಿಂದ ಐದರವರೆಗೆ ಅಂಕ. ಎಲ್ಲ ಹೊತ್ತೂ ಹಾಗಿದ್ದರೆ 5, ಒಮ್ಮೆಯೂ ಇಲ್ಲದಿದ್ದರೆ 0. ಕೂಡಿ ನಾಲ್ಕರಿಂದ ಗುಣಿಸಿದರೆ ನೂರಕ್ಕೆ ಎಷ್ಟೆಂದು ಬರುತ್ತದೆ. ಉದಾಹರಣೆಗೆ 1, 2, 1, 1, 1 ಬಂದರೆ ಒಟ್ಟು 6, ಅಂದರೆ 24. 50 ಅಥವಾ ಅದಕ್ಕಿಂತ ಕಡಿಮೆ ಬಂದರೆ ಗಮನ ಕೊಡಬೇಕು, 28 ಅಥವಾ ಕಡಿಮೆ ಬಂದರೆ ವೈದ್ಯರಿಗೆ ತೋರಿಸಲೇಬೇಕು. ಇದು ಥರ್ಮಾಮೀಟರ್ ಇದ್ದಂತೆ, ಜ್ವರವಿದೆ ಎನ್ನುತ್ತದೆ, ಯಾವ ಜ್ವರವೆಂದು ಹೇಳುವುದಿಲ್ಲ. ಅವನೇ ತುಂಬಲಿ, ನೀವು ಪಕ್ಕದಲ್ಲಿ ಕೂತು ಪ್ರಶ್ನೆ ಕೇಳಿ ತುಂಬಿಸಬೇಡಿ. ಅಕ್ಕನ ಮುಂದೆ ಯಾರೂ ಸೊನ್ನೆ ಹಾಕುವುದಿಲ್ಲ. ಎರಡು ವಾರಕ್ಕೊಮ್ಮೆ ಅದೇ ನೋಟ್‌ಬುಕ್ಕಿನಲ್ಲಿ ಬರೆಯುತ್ತ ಹೋದರೆ ಏರಿಳಿತ ಕಾಣುತ್ತದೆ.

ಮುಂದೆ ನಿದ್ದೆ. ಎಲ್ಲರೂ "ಬೇಗ ಮಲಗು" ಎಂದು ಶುರು ಮಾಡಿ ಇಲ್ಲಿಯೇ ಸೋಲುತ್ತಾರೆ. ನಿದ್ದೆ ಬಾರದವನನ್ನು ಹಾಸಿಗೆಗೆ ಕಳಿಸಿದರೆ ಅವನು ಹಾಸಿಗೆಯಲ್ಲಿ ಚಿಂತಿಸುವುದನ್ನು ರೂಢಿಸಿಕೊಳ್ಳುತ್ತಾನೆ. ಮಲಗುವ ಹೊತ್ತು ಬಿಡಿ, ಏಳುವ ಹೊತ್ತು ಹಿಡಿಯಿರಿ. ರಾತ್ರಿ ಎರಡಕ್ಕೆ ಮಲಗಿದರೂ ಬೆಳಿಗ್ಗೆ 6.30ಕ್ಕೆ ಏಳುವುದು, ಎದ್ದ ಅರ್ಧ ಗಂಟೆಯೊಳಗೆ ಬಿಸಿಲಿಗೆ ಬರುವುದು, ಹಗಲು ಮಲಗಿದರೆ ಮೂರು ಗಂಟೆಗೆ ಮೊದಲು, 20 ನಿಮಿಷ ಮೀರದಂತೆ. ಮೊದಲ ನಾಲ್ಕೈದು ದಿನ ತಲೆ ಭಾರವಾಗಿರುತ್ತದೆ, ಆಮೇಲೆ ರಾತ್ರಿ ನಿದ್ದೆ ತಾನಾಗಿ ಬೇಗ ಬರತೊಡಗುತ್ತದೆ. ಕಬ್ಬು ಇರುವ ಮನೆಗಳಲ್ಲಿ ಒಂದು ತಪ್ಪು ಸಾಮಾನ್ಯ. ತ್ರೀಫೇಸ್ ಕರೆಂಟು ರಾತ್ರಿ ಬಂದರೆ "ಹೆಂಗೂ ಖಾಲಿ ಅದಾನ" ಎಂದು ನೀರು ಹಾಯಿಸಲು ಕೆಲಸವಿಲ್ಲದ ಮಗನನ್ನೇ ಕಳಿಸುತ್ತಾರೆ. ಸದ್ಯಕ್ಕೆ ಅದನ್ನು ನಿಲ್ಲಿಸಿ. ರಾತ್ರಿ ನೀರು ಹಾಯಿಸುವವನಿಗೆ ಬೆಳಗು ಎಂಬುದೇ ಇರುವುದಿಲ್ಲ.

ಹೊಲದ ಕೆಲಸ ಅವನ ಮನಸ್ಸಿಗೆ ಏಕೆ ಹತ್ತುತ್ತಿಲ್ಲ ಎಂದು ನೀವು ಕೇಳಬಹುದು. ಸರ್ಕಾರದ ಸಮೀಕ್ಷೆಯ ಲೆಕ್ಕದಲ್ಲಿ ಮನೆಯ ಹೊಲದಲ್ಲಿ ಸಂಬಳವಿಲ್ಲದೆ ಕೈಗೂಡಿಸುವವನೂ ದುಡಿಯುವವನೇ. ದೇಶದ 2023-24ರ ಶೇ 3.2ರ ನಿರುದ್ಯೋಗದಲ್ಲಿ ಇಂಥ ಹುಡುಗರು ಸೇರುವುದಿಲ್ಲ. ಮನಸ್ಸಿನ ಲೆಕ್ಕ ಬೇರೆ. ಕಬ್ಬಿನಲ್ಲಿ ನಾಟಿ, ಕಳೆ, ಕಟಾವು ಬಿಟ್ಟರೆ ನಿತ್ಯದ ಕೆಲಸ ಕಡಿಮೆ. ಹೊಲ ಅಪ್ಪನದು, ಹುಕುಂ ಅಪ್ಪನದು. "ಹೊಲಕ್ಕರೆ ಹೋಗು" ಎಂಬ ಮಾತಿನ "ಅರೆ", ಅಂದರೆ "ಅಷ್ಟಾದರೂ ಮಾಡು" ಎಂಬ ಧ್ವನಿ, ಅವನಿಗೆ ಚುಚ್ಚುತ್ತದೆ. ಬದಲಿಗೆ ಒಂದು ಭಾಗವನ್ನು ಪೂರ್ತಿ ಅವನಿಗೆ ಬಿಡಿ: ಡ್ರಿಪ್ ಮತ್ತು ಮೋಟಾರಿನ ಉಸ್ತುವಾರಿ, ಅಥವಾ ಗೊಬ್ಬರ, ಆಳಿನ ಕೂಲಿ, ಕಾರ್ಖಾನೆಯ ಬಿಲ್ಲಿನ ಲೆಕ್ಕ. ನಿರ್ಧಾರವೂ ಅವನದೇ, ತಪ್ಪೂ ಅವನದೇ. ಅಪ್ಪ ನಡುವೆ ಬಾಯಿ ಹಾಕಬಾರದು, ಕಷ್ಟವಾದರೂ.

ಆದರೆ ಮನೆಯ ಕೆಲಸ ಒಂದರಿಂದಲೇ ಆಗುವುದಿಲ್ಲ. ವಾರಕ್ಕೆ ಮೂರು ದಿನವಾದರೂ ಹೊಸ್ತಿಲು ದಾಟಿ, ಹೊರಗಿನವರು ಇವನಿಗಾಗಿ ಕಾಯುವ ಜಾಗ ಬೇಕು. ಮುಧೋಳದಲ್ಲೋ ಜಮಖಂಡಿಯಲ್ಲೋ ಪಂಪ್ ರಿಪೇರಿ, ಲೇಥ್ ಅಂಗಡಿ ಇದ್ದರೆ ಸೋಮವಾರ, ಬುಧವಾರ, ಶುಕ್ರವಾರ ಎರಡರಿಂದ ಐದು ಎಂದು ಗೊತ್ತು ಮಾಡಿ. ಕೂಲಿ ಎಷ್ಟು ಎಂಬುದು ಎರಡನೆಯ ಮಾತು, ಆದರೆ ಪುಕ್ಕಟೆ ಬೇಡ. ದಿನಕ್ಕೆ ಇಷ್ಟೆಂದು ಕೊಡಲಿ, ಪುಕ್ಕಟೆ ದುಡಿಸಿಕೊಂಡರೆ ಅವಮಾನ ಇಮ್ಮಡಿಯಾಗುತ್ತದೆ. ಗೊತ್ತಾದ ಹೊತ್ತಿಗೆ ಹೋಗದಿದ್ದರೆ ಯಾರಾದರೂ "ಯಾಕ ಬರ್ಲಿಲ್ಲೋ?" ಎಂದು ಫೋನ್ ಮಾಡುವಂತಿರಬೇಕು. "ಮನಸ್ಸು ಬಂದಾಗ ಹೋಗ್ತೀನಿ" ಎಂದರೆ ಮನಸ್ಸು ಬರುವುದಿಲ್ಲ. ಕುಗ್ಗಿದ ಮನಸ್ಸಿನಲ್ಲಿ ಮೊದಲು ಕಾಲು ಹೋಗಬೇಕು, ಮನಸ್ಸು ಹಿಂದಿನಿಂದ ಬರುತ್ತದೆ. ಚಿಕಿತ್ಸಕರು ಖಿನ್ನತೆಗೆ ಬಳಸುವ ಒಂದು ಪದ್ಧತಿಯೇ ಇದರ ಮೇಲೆ ನಿಂತಿದೆ.

ಕೆಲಸ ಹುಡುಕುವುದಕ್ಕೂ ಗಡಿ ಹಾಕಿ. ಇಡೀ ದಿನ ಮೊಬೈಲಿನಲ್ಲಿ ಜಾಹೀರಾತು ಸರಿಸುತ್ತ ಕೂರುವುದು ಹುಡುಕಾಟವಲ್ಲ, ಗಾಯ ಕೆರೆದುಕೊಂಡಂತೆ. ಸೋಮವಾರದಿಂದ ಶುಕ್ರವಾರ 9.30ರಿಂದ 12, ಆಮೇಲೆ ಆ ದಿನಕ್ಕೆ ಮುಗಿಯಿತು. ಆ ಎರಡೂವರೆ ಗಂಟೆಯಲ್ಲಿ ಮೊದಲ ವಾರ ಒಂದೇ ಕೆಲಸ, ಪಟ್ಟಿ: ಉದ್ಯಮಬಾಗ, ಮಚ್ಛೆ, ಹೊನಗಾ, ಹುಬ್ಬಳ್ಳಿಯ ತಾರಿಹಾಳ, ಹೀಗೆ 30 ವರ್ಕ್‌ಶಾಪ್‌ಗಳ ಹೆಸರು, ಅಲ್ಲಿ ಪರಿಚಯದವರು ಯಾರು, ಯಾವ ಕಂಟ್ರೋಲರಿನ ಮಷೀನುಗಳಿವೆ. ಎರಡನೆಯ ವಾರದಿಂದ ದಿನಕ್ಕೆ ಮೂರು ಫೋನ್. ಇಂಥ ಅಂಗಡಿಗಳಲ್ಲಿ ಹೆಚ್ಚಿನ ಜಾಗಗಳು ಜಾಹೀರಾತಿಗೆ ಬರುವ ಮೊದಲೇ ಸೂಪರ್‌ವೈಸರ್‌ಗಳ ಬಾಯಿಮಾತಿನಲ್ಲಿ ತುಂಬುತ್ತವೆ. ಹೀಗಾಗಿ ಹಳೆಯ ಗೆಳೆಯರ ಫೋನ್ ಎತ್ತದಿರುವುದು ಮನಸ್ಸಿಗಷ್ಟೇ ನಷ್ಟವಲ್ಲ. ಎರಡೂವರೆ ಗಂಟೆ ಆದಮೇಲೆ ಬೆನ್ನು ತಟ್ಟಬೇಕಾದದ್ದು ಮೂರು ಫೋನ್ ಮಾಡಿದ್ದಕ್ಕೆ. ಆ ಕಡೆಯವರು ಏನೆಂದರು ಎಂಬುದು ಅವನ ಕೈಯಲ್ಲಿಲ್ಲ.

"ಎಂಟು ತಿಂಗಳು ಏನ್ ಮಾಡಿದಿ?" ಎಂದು ಕೇಳುವುದು ಖಂಡಿತ. ಉತ್ತರ ಒಂದೇ ಸಾಲಿನದಿರಲಿ, ಸುಳ್ಳು ಬೇಡ: "ಆರ್ಡರ್ ಕಡಿಮೆಯಾಗಿ ಬಿಡಿಸಿದರು, ಈಗ ಊರಲ್ಲಿ ರಿಪೇರಿ ಕೆಲಸ ಮಾಡುತ್ತ ಪ್ರೋಗ್ರಾಮಿಂಗ್ ಕಲಿಯುತ್ತಿದ್ದೇನೆ." ಈ ಸಾಲು ನಿಜವಾಗಬೇಕಾದರೆ ಕಲಿಯಲೇಬೇಕು. ಬೆಳಗಾವಿಯ ಜಿಟಿಟಿಸಿಯಲ್ಲಿ, ಅಂದರೆ ಸರ್ಕಾರಿ ಟೂಲ್‌ರೂಮ್ ಮತ್ತು ತರಬೇತಿ ಕೇಂದ್ರದಲ್ಲಿ, ಸಣ್ಣ ಅವಧಿಯ ಕೋರ್ಸುಗಳಿರುತ್ತವೆ, ವಿಚಾರಿಸಿ. ಐದು ವರ್ಷ ಬರೀ ಆಪರೇಟರ್ ಆಗಿದ್ದವನಿಗೆ ಸೆಟ್ಟಿಂಗು, ಪ್ರೋಗ್ರಾಮಿಂಗು ಬಂದರೆ ಅವನ ಬೆಲೆಯೇ ಬೇರೆ. ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆಯಾದ ಯುವನಿಧಿ ಇವನಿಗೆ ಬರುವುದಿಲ್ಲ. ಅದು 2022-23ರಿಂದ ಈಚೆ ಪಾಸಾದವರಿಗೆ, ಡಿಪ್ಲೊಮಾಕ್ಕೆ ತಿಂಗಳಿಗೆ 1,500, ಪದವಿಗೆ 3,000 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಅದಕ್ಕಾಗಿ ಅಲೆದಾಡಿಸಬೇಡಿ.

ನಿಮ್ಮ ಕೈಯಿಂದ ಅವನ ಕೈಗೆ ದುಡ್ಡು ಹೋಗುವ ರೀತಿಯನ್ನೂ ನೋಡಿಕೊಳ್ಳಿ. ರಿಚಾರ್ಜಿಗೆ, ಕಟಿಂಗಿಗೆ, ಚಹಾಕ್ಕೆ ಕೇಳಿ ಕೇಳಿ ಪಡೆಯುವುದು 27ರ ಗಂಡಸಿಗೆ ದಿನವೂ ಒಂದು ಏಟು. ತಿಂಗಳ ಒಂದನೇ ತಾರೀಖಿಗೆ ಇಷ್ಟೆಂದು ಅವನ ಖಾತೆಗೆ ಹಾಕಿ, ಲೆಕ್ಕ ಕೇಳಬೇಡಿ. ಸಂದರ್ಶನಕ್ಕೆ ಬೆಳಗಾವಿಗೆ ಹೋಗುವ ಬಸ್ ಚಾರ್ಜು, ಊಟದ ಖರ್ಚು ಬೇರೆ ತೆಗೆದಿಡಿ. ಕೇಳಬೇಕಲ್ಲ ಎಂಬ ಸಂಕೋಚಕ್ಕೆ ಸಂದರ್ಶನ ಬಿಡುವವರು ಇರುತ್ತಾರೆ.

ಈಗ ವಿಜಯಪುರದ ಮಾತು. ಅವನು ಏಕೆ ಹೋಗಬೇಕೆನ್ನುತ್ತಾನೆ ಎಂಬುದಕ್ಕೆ ಒಂದು ಜರ್ಮನ್ ಅಧ್ಯಯನದಲ್ಲಿ ಸುಳಿವಿದೆ. ಬಹಳ ಕಾಲ ಕೆಲಸವಿಲ್ಲದೆ ಇದ್ದವರು ನಿವೃತ್ತಿಯ ವಯಸ್ಸು ಮುಟ್ಟಿ ಪಿಂಚಣಿದಾರರಾದಾಗ ಅವರ ತೃಪ್ತಿ ಮೇಲಕ್ಕೆ ಏರಿತು. ಅದೇ ಮನೆ, ಅದೇ ಖಾಲಿ ದಿನ, ಬದಲಾದದ್ದು ಹೆಸರು: "ನಿರುದ್ಯೋಗಿ" ಹೋಗಿ "ನಿವೃತ್ತ" ಬಂತು. ನಮ್ಮ ಕಡೆ ಯುವಕರಿಗೆ ಅಂಥ ಹೆಸರು "ಓದಾಕತ್ತೇನಿ" ಎಂಬುದು. ಮದುವೆ ಮನೆಯಲ್ಲಿ "ಏನ್ಪಾ, ನೌಕರಿ ಹತ್ತಿತೇನು?" ಎಂದರೆ ಕೊಡಲು ಗೌರವದ ಉತ್ತರವಿದು. ಕೋಚಿಂಗ್ ಕೋಣೆಯಲ್ಲಿ ತನ್ನಂಥವರೇ ಇರುವುದರಿಂದ ಒಬ್ಬಂಟಿತನವೂ ಕಡಿಮೆ. ಸುತ್ತಲೂ ಕೆಲಸವಿಲ್ಲದವರು ಹೆಚ್ಚಿದ್ದಲ್ಲಿ ಒಬ್ಬೊಬ್ಬನಿಗೂ ನೋವು ಕಡಿಮೆ ಎಂದು ಕ್ಲಾರ್ಕ್ 2003ರಲ್ಲಿ ತೋರಿಸಿದ್ದೂ ಇದನ್ನೇ. ಲೈಬ್ರರಿಯ ಹೊತ್ತು, ಮೆಸ್ಸಿನ ಹೊತ್ತು ದಿನಕ್ಕೆ ಚೌಕಟ್ಟನ್ನೂ ಕೊಡುತ್ತವೆ. ಹೀಗಾಗಿ ಆ ಆಸೆಯನ್ನು ಹಗುರವಾಗಿ ತಳ್ಳಿಹಾಕಬೇಡಿ.

ಆದರೆ ನೆರಳು ಕೊಡುವ ಹೆಸರೇ ಬೇಲಿಯೂ ಆಗುತ್ತದೆ. 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ 2021ರ ಅಕ್ಟೋಬರಿನಲ್ಲಿ ನಡೆದು, ಅಕ್ರಮದ ಕಾರಣ 2022ರಲ್ಲಿ ರದ್ದಾಗಿ, ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ಕೆಎಎಸ್ ಪೂರ್ವಭಾವಿ ಪರೀಕ್ಷೆಯನ್ನೂ ಕನ್ನಡ ಅನುವಾದದ ತಪ್ಪುಗಳಿಂದಾಗಿ 2024ರ ಡಿಸೆಂಬರಿನಲ್ಲಿ ಮತ್ತೆ ನಡೆಸಬೇಕಾಯಿತು. ಓದುವವನ ಕೈಯಲ್ಲಿಲ್ಲದ ಇಂಥ ಕಾಯುವಿಕೆಯಲ್ಲಿ ವಯೋಮಿತಿ ಕರಗುತ್ತದೆ, ಕಲಿತ ಕೈಕೆಲಸವೂ ಮಸುಕಾಗುತ್ತದೆ. ನಮ್ಮ ಅಭಿಪ್ರಾಯ: ಹೋಗಲಿ, ಆದರೆ ಷರತ್ತುಗಳನ್ನು ಹೋಗುವ ಮೊದಲೇ ಕಾಗದದ ಮೇಲೆ ಅವನೇ ಬರೆಯಲಿ. ಯಾವ ಹುದ್ದೆ, ಅದಕ್ಕೆ ಡಿಪ್ಲೊಮಾ ನಡೆಯುತ್ತದೆಯೇ, ಅವನ ವರ್ಗಕ್ಕೆ ವಯಸ್ಸಿನ ಮಿತಿ ಎಷ್ಟು, ಇನ್ನೆಷ್ಟು ಅವಕಾಶ ಉಳಿದಿವೆ. ಎರಡು ಕ್ಯಾಲೆಂಡರ್ ವರ್ಷ, ಅಥವಾ ಎರಡು ಪರೀಕ್ಷೆ, ಯಾವುದು ಮೊದಲೋ ಅದು. ಈ ನಡುವೆ ವಾರದಲ್ಲಿ ಎರಡು ದಿನವಾದರೂ ಮಷೀನಿನ ಮೇಲೆ ಕೈ ಇರಬೇಕು. ಈ ಕಾಗದವನ್ನು ಅವನು ಬರೆಯಲು ಒಪ್ಪದಿದ್ದರೆ, ಅವನು ಹೊರಟಿರುವುದು ಪರೀಕ್ಷೆಗಲ್ಲ, ಊರಿನ ಪ್ರಶ್ನೆಗಳಿಂದ ದೂರ. ಅದೂ ಅರ್ಥವಾಗುವ ಆಸೆಯೇ, ಆದರೆ ಅದಕ್ಕೆ ಕೋಚಿಂಗ್ ಫೀ ಕಟ್ಟಬೇಕಿಲ್ಲ.

ಊರಿನ ಪ್ರಶ್ನೆಗಳನ್ನು ನೀವೇ ತಡೆಯಬಹುದು. ಹತ್ತಿರದ ನಾಲ್ಕು ಮನೆಗಳಿಗೆ ಮೊದಲೇ ಹೇಳಿಡಿ: "ಕೆಲಸದ ಸುದ್ದಿ ಅವನಾಗಿ ತೆಗೆದರಷ್ಟೇ ಮಾತಾಡ್ರಿ." ಬಸವಣ್ಣನವರು ಹುಟ್ಟಿದ, ಐಕ್ಯರಾದ ಈ ಸೀಮೆಯಲ್ಲಿ ದುಡಿಮೆಗೆ ದೊಡ್ಡ ಮರ್ಯಾದೆಯಿದೆ. ಅದೇ ಮರ್ಯಾದೆ ಕೆಲಸ ಕಳೆದುಕೊಂಡವನಿಗೆ ಚಾಟಿಯಾಗುತ್ತದೆ. ಕಾಯಕವೆಂದರೆ ಸಂಬಳದ ಚೀಟಿ ಎಂದು ಶರಣರು ಹೇಳಲಿಲ್ಲ ಎಂಬುದನ್ನು ನಿಮ್ಮ ತಂದೆಯವರಿಗೆ ಯಾರಾದರೂ ಹಿರಿಯರು ನೆನಪಿಸಿದರೆ ಒಳ್ಳೆಯದು. ನೀವು ಹೇಳುವುದಕ್ಕಿಂತ ಅವರ ಓರಗೆಯವರ ಮಾತು ನಾಟುತ್ತದೆ.

ಮನಸ್ಸಿನೊಳಗಿನ ಸಿಟ್ಟು ಹೊರಹಾಕಲು ಒಂದು ಸಣ್ಣ ಅಭ್ಯಾಸವಿದೆ. ಕೆಲಸ ಹೋದ ಎಂಜಿನಿಯರುಗಳ ಮೇಲೆ ಅಮೆರಿಕದ ಮನಶ್ಶಾಸ್ತ್ರಜ್ಞ ಪೆನ್ನೆಬೇಕರ್ ಮತ್ತು ಸಂಗಡಿಗರು 1994ರಲ್ಲಿ ಮಾಡಿದ ಪ್ರಯೋಗದಲ್ಲಿ, ಸತತ ಐದು ದಿನ, ದಿನಕ್ಕೆ 20 ನಿಮಿಷ ಆ ಘಟನೆಯ ಬಗ್ಗೆ ಮನಬಿಚ್ಚಿ ಬರೆದವರಿಗೆ ಉಳಿದವರಿಗಿಂತ ಬೇಗ ಕೆಲಸ ಸಿಕ್ಕಿತು. ಸಿಟ್ಟು ಕಾಗದಕ್ಕೆ ಹೋದರೆ ಸಂದರ್ಶನದಲ್ಲಿ ಬಾಯಿಗೆ ಬರುವುದಿಲ್ಲ ಎಂಬುದು ಒಂದು ವಿವರಣೆ. ಬರೆದದ್ದನ್ನು ನೀವು ಓದಬಾರದು, ಅವನು ಹರಿದು ಹಾಕಬಹುದು. ಬರೆದಷ್ಟೂ ದುಃಖ ಹೆಚ್ಚುತ್ತಿದ್ದರೆ ನಿಲ್ಲಿಸಲಿ.

ಇಷ್ಟೆಲ್ಲ ಮನೆಯ ಮಟ್ಟದಲ್ಲಿ. ಎರಡು ವಾರಕ್ಕಿಂತ ಹೆಚ್ಚು ಕಾಲ ದಿನದ ಬಹುಭಾಗ ಮಂಕಾಗಿದ್ದರೆ, ಇಷ್ಟದ ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಊಟ ಬಿಟ್ಟಿದ್ದರೆ, ಕುಡಿತ ಶುರುವಾಗಿದ್ದರೆ, ಅದು ಖಿನ್ನತೆಯಾಗಿರಬಹುದು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ, ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಕೂಡ ನಿಮಗೆ ದೂರವಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. "ನಾನು ಇಲ್ಲದಿದ್ರ ನಿಮಗ ಹಗುರ" ಎಂಬಂಥ ಮಾತು ಒಮ್ಮೆ ಬಂದರೂ ಅದನ್ನು ದಾಟಿಸಿ ಹೋಗಬೇಡಿ. "ಸಾಯುವ ವಿಚಾರ ಬರುತ್ತದೇನು?" ಎಂದು ನೇರವಾಗಿ, ಮೆಲ್ಲಗೆ ಕೇಳಿ. ಕೇಳಿದರೆ ಆ ವಿಚಾರ ಹುಟ್ಟುತ್ತದೆಂಬುದು ತಪ್ಪು ನಂಬಿಕೆ, ಕೇಳಿದರೆ ಎದೆ ಹಗುರಾಗುತ್ತದೆ. ಹೌದೆಂದರೆ ಒಬ್ಬನನ್ನೇ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಅವನು ಏನೇ ಹೇಳಲಿ, ಹೇಳದಿರಲಿ, ಇವತ್ತೇ ಮಾಡಬೇಕಾದ ಕೆಲಸ ಒಂದಿದೆ: ಕಬ್ಬಿಗೆ ತಂದ ಔಷಧಿ ಮನೆಯಲ್ಲೋ ಪಂಪ್‌ಶೆಡ್ಡಿನಲ್ಲೋ ಇದ್ದರೆ ತೆಗೆದು, ಬೀಗವಿರುವ ಬೇರೆ ಜಾಗಕ್ಕೆ ಸಾಗಿಸಿ, ಕೀಲಿ ನಿಮ್ಮ ಬಳಿ ಇಟ್ಟುಕೊಳ್ಳಿ. ದುಡುಕಿನ ಗಳಿಗೆ ಬಹುಪಾಲು ಬೇಗ ದಾಟುತ್ತದೆ, ಆ ಹೊತ್ತಿನಲ್ಲಿ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ.

ವೈದ್ಯರು ಮಾತ್ರೆ ಕೊಟ್ಟರೆ ಪರಿಣಾಮ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಅಷ್ಟರಲ್ಲಿ "ಏನೂ ಆಗಲಿಲ್ಲ" ಎಂದು ಬಿಡುವವರೇ ಹೆಚ್ಚು. ಇನ್ನು ಕೆಲವರು ಹೊಸ ಕೆಲಸ ಸಿಕ್ಕ ದಿನವೇ "ಇನ್ಯಾಕೆ" ಎಂದು ನಿಲ್ಲಿಸುತ್ತಾರೆ. ಹೊಸ ಜಾಗದ ಮೊದಲ ತಿಂಗಳುಗಳೇ ಭಯದವು, ಮತ್ತೆ ಬಿಡಿಸಿಬಿಟ್ಟರೆ ಎಂಬ ಅಂಜಿಕೆ ಒಳಗೆ ಇದ್ದೇ ಇರುತ್ತದೆ. ಮಾತ್ರೆ ಯಾವಾಗ, ಹೇಗೆ ಇಳಿಸಬೇಕೆಂದು ವೈದ್ಯರೇ ಹೇಳಲಿ. ಐದು ಪ್ರಶ್ನೆಗಳ ಆ ನೋಟ್‌ಬುಕ್ಕನ್ನು ಅವನು ಬೆಳಗಾವಿಯ ರೂಮಿಗೂ ಒಯ್ಯಲಿ.